ಅರ್ಹತಾ ಸುತ್ತಿನ ಹಾಲಂಡ್ ವಿಶ್ವಕಪ್‌ನಲ್ಲೂ ಹಾಗೆಯೇ ಆಡಬಲ್ಲರೇ?

ಬೂಟಿನ ಲೇಸು
ನಾರ್ವೆ 1998ರ ನಂತರ ಮೊದಲ ಬಾರಿಗೆ, 2026ರಲ್ಲಿ, ಫುಟ್‌ಬಾಲ್ ವಿಶ್ವಕಪ್ ಆಡಲಿದೆ. ಅರ್ಹತಾ ಸುತ್ತಿನ ಎಂಟಕ್ಕೆ ಎಂಟೂ ಪಂದ್ಯ ಗೆದ್ದು, 37 ಗೋಲು ಹೊಡೆದು, ಐದನ್ನಷ್ಟೇ ಬಿಟ್ಟುಕೊಟ್ಟ ತಂಡವಿದು. ಆ 37ರಲ್ಲಿ 16 ಗೋಲು ಎರ್ಲಿಂಗ್ ಹಾಲಂಡ್ ಒಬ್ಬರವೇ. ಎಂಟು ಪಂದ್ಯಗಳಲ್ಲಿ ಒಂದರಲ್ಲಿಯೂ ಅವರು ಗೋಲಿಲ್ಲದೆ ಮೈದಾನ ಬಿಟ್ಟಿಲ್ಲ.

ಇಷ್ಟಾದರೂ 2025ರ ಡಿಸೆಂಬರ್ 5ರಂದು ಗುಂಪುಗಳನ್ನು ನಿರ್ಧರಿಸಿದ ಡ್ರಾ ನೋಡಿದ ಮೇಲೆ ನನಗೆ ಒಂದು ಅನುಮಾನ ಕಾಡುತ್ತಿದೆ. ಗುಂಪಿನಲ್ಲಿ ಫ್ರಾನ್ಸ್ ಇದೆ, ಸೆನೆಗಲ್ ಇದೆ, ಪ್ಲೇಆಫ್ ಗೆದ್ದು ಬರುವ ಇನ್ನೊಂದು ತಂಡವಿದೆ. ಹಾಲಂಡ್ ಚೆಂಡನ್ನು ಬಹಳ ಕಡಿಮೆ ಮುಟ್ಟುವ ಸ್ಟ್ರೈಕರ್. ಮ್ಯಾಂಚೆಸ್ಟರ್ ಸಿಟಿಯಲ್ಲಿ ಹಿಂದೆ ನಿಂತ ಹತ್ತು ಮಂದಿ ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡು, ಎದುರಾಳಿಯನ್ನು ಆಚೀಚೆ ಓಡಿಸಿ, ಕೊನೆಯಲ್ಲಿ ಇವರಿಗೆ ಕೊಡುತ್ತಾರೆ. ನಾರ್ವೆಗೆ ಫ್ರಾನ್ಸ್ ಎದುರು ಅಂತಹ ಐಷಾರಾಮ ಸಿಗುವುದಿಲ್ಲ. ಚೆಂಡೇ ಬಾರದಿದ್ದರೆ ಇಂತಹ ಆಟಗಾರ ತೊಂಬತ್ತು ನಿಮಿಷ ಏನು ಮಾಡುತ್ತಾರೆ? ಅಂಕಿ ಅಂಶ ಬಲ್ಲವರು ಮತ್ತು ಆಟವನ್ನು ಗಮನವಿಟ್ಟು ನೋಡುವವರು ಇಬ್ಬರೂ ಉತ್ತರಿಸಬೇಕೆಂದು ಕೋರುತ್ತೇನೆ.

ಎಡಗಾಲಿನವನು
ಚೆಂಡು ಮುಟ್ಟಿದ ಲೆಕ್ಕದಿಂದ ಹಾಲಂಡ್ ಅವರನ್ನು ಅಳೆಯುವುದೇ ತಪ್ಪು. ಅವರ ಅರ್ಧ ಆಟ ಚೆಂಡು ಇಲ್ಲದಿರುವಾಗ ನಡೆಯುತ್ತದೆ, ಮತ್ತು ಟಿವಿ ಕ್ಯಾಮೆರಾ ಅದನ್ನು ತೋರಿಸುವುದಿಲ್ಲ.

ಮುಂದಿನ ಸಲ ಬದಿಯಿಂದ ಕ್ರಾಸ್ ಬರುವ ಮೊದಲು ಅವರನ್ನೊಬ್ಬರನ್ನೇ ನೋಡಿ. ಸೆಂಟರ್ ಬ್ಯಾಕ್‌ನ, ಅಂದರೆ ನಡುವಿನ ಡಿಫೆಂಡರ್‌ನ, ಬೆನ್ನ ಹಿಂದೆ, ಅವನ ದೂರದ ಭುಜದ ಕಡೆ ಹೋಗಿ ನಿಲ್ಲುತ್ತಾರೆ. ಆ ಡಿಫೆಂಡರ್ ಚೆಂಡನ್ನು ನೋಡಿದರೆ ಹಾಲಂಡ್ ಕಾಣುವುದಿಲ್ಲ, ಹಾಲಂಡ್ ಅವರನ್ನು ನೋಡಿದರೆ ಚೆಂಡು ಕಾಣುವುದಿಲ್ಲ. ಎಲ್ಲರೂ ಗೋಲಿನತ್ತ ನುಗ್ಗುವ ಹೊತ್ತಿನಲ್ಲಿ ಇವರು ಎರಡು ಹೆಜ್ಜೆ ಹಿಂದಕ್ಕೆ ಅಥವಾ ದೂರದ ಕಂಬದ ಕಡೆಗೆ ಸರಿಯುತ್ತಾರೆ. ಡಿಫೆಂಡರ್ ತಲೆ ತಿರುಗಿಸಿ ಹುಡುಕಿದ ಆ ಅರೆಕ್ಷಣದಲ್ಲಿ, ಪಕ್ಕದಿಂದ ಚೆಂಡು ಹೊರಡುವ ಮೊದಲೇ, ಅವನ ಮುಂದಿನಿಂದ ಹಾದು ಹತ್ತಿರದ ಕಂಬಕ್ಕೆ ಬಂದಿರುತ್ತಾರೆ. ಆಮೇಲೆ ಒಂದೇ ಮುಟ್ಟು. 195 ಸೆಂಟಿಮೀಟರ್ ಎತ್ತರದ ಮನುಷ್ಯ ಆ ವೇಗದಲ್ಲಿ ದಿಕ್ಕು ಬದಲಿಸುವುದು ಸಾಮಾನ್ಯ ಸಂಗತಿಯಲ್ಲ.

ಇದಕ್ಕೆ ಶೇಕಡಾ 60ರಷ್ಟು ಚೆಂಡಿನ ಹಿಡಿತ ಬೇಕಿಲ್ಲ, ಒಂದು ಒಳ್ಳೆಯ ಪಾಸ್ ಸಾಕು. 2025ರ ಜೂನ್‌ನಲ್ಲಿ ಓಸ್ಲೋದಲ್ಲಿ ಇಟಲಿಯನ್ನು 3–0 ಅಂತರದಿಂದ ಸೋಲಿಸಿದ ಪಂದ್ಯದ ಮೂರನೇ ಗೋಲನ್ನು ನೆನಪಿಸಿಕೊಳ್ಳಿ. ನಾಯಕ ಓಡೆಗಾರ್ಡ್ ರಕ್ಷಣಾ ಸಾಲನ್ನು ಸೀಳಿ ಪಾಸ್ ಕೊಟ್ಟರು, ಹಾಲಂಡ್ ಗೋಲ್‌ಕೀಪರ್ ಡೊನ್ನರುಮ್ಮ ಅವರನ್ನು ಬದಿಗೆ ತಪ್ಪಿಸಿ ಖಾಲಿ ಗೋಲಿಗೆ ಉರುಳಿಸಿದರು.

ಆಫ್‌ಸೈಡ್ ಬಾವುಟ
ಓಡೆಗಾರ್ಡ್ ಗಾಯಗೊಂಡಿದ್ದರೆ ಆ ಒಂದು ಒಳ್ಳೆಯ ಪಾಸ್ ಯಾರು ಕೊಡುತ್ತಾರೆ ಎಂಬುದನ್ನೂ ಹೇಳಿಬಿಡಿ.

ಎಡಗಾಲಿನವನು
ನವೆಂಬರ್‌ನಲ್ಲಿ ಮಿಲಾನ್‌ನಲ್ಲಿ ಇಟಲಿ ವಿರುದ್ಧ ಓಡೆಗಾರ್ಡ್ ಆಡಿರಲಿಲ್ಲ. ನಾರ್ವೆ 4–1 ಅಂತರದಿಂದ ಗೆದ್ದಿತು. ಅರ್ಧಾವಧಿಯಲ್ಲಿ ಹಿಂದೆ ಬಿದ್ದಿದ್ದ ತಂಡಕ್ಕೆ ಬದಿಯ ಆಟಗಾರ ನೂಸಾ ಸಮಬಲ ತಂದುಕೊಟ್ಟರು, ಹಾಲಂಡ್ 78 ಮತ್ತು 79ನೇ ನಿಮಿಷಗಳಲ್ಲಿ ಒಂದರ ಹಿಂದೆ ಒಂದು ಗೋಲು ಹೊಡೆದರು. ಅಲ್ಲಿಯವರೆಗೆ ಅವರು ಮೈದಾನದಲ್ಲಿ ಇದ್ದಾರೋ ಇಲ್ಲವೋ ಎನ್ನುವಂತಿತ್ತು.

ಮಧ್ಯವೃತ್ತ
ಇಬ್ಬರೂ ಒಂದು ಹಳೆಯ ಉದಾಹರಣೆಯನ್ನು ಮರೆತಿದ್ದೀರಿ. ಹದಿನಾರು ಎಂಬ ಸಂಖ್ಯೆ ನನಗೆ ಹಾಲಂಡ್ ಅವರಿಗಿಂತ ಮೊದಲು ಲೆವಾಂಡೊವ್‌ಸ್ಕಿ ಅವರನ್ನು ನೆನಪಿಸುತ್ತದೆ. 2018ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ ಪೋಲೆಂಡ್ ಪರ ಹತ್ತು ಪಂದ್ಯಗಳಲ್ಲಿ ಅವರು ಹೊಡೆದದ್ದು ಸರಿಯಾಗಿ ಹದಿನಾರು ಗೋಲು. ರಷ್ಯಾಕ್ಕೆ ಹೋದರು. ಮೂರು ಪಂದ್ಯ ಆಡಿದರು, ಒಂದೂ ಗೋಲು ಬರಲಿಲ್ಲ, ಪೋಲೆಂಡ್ ಗುಂಪಿನ ತಳದಲ್ಲಿ ಉಳಿದು ಮನೆಗೆ ಹೋಯಿತು. ಮೊದಲ ಪಂದ್ಯದಲ್ಲೇ ಅವರನ್ನು ಕಟ್ಟಿಹಾಕಿ 2–1 ಅಂತರದಿಂದ ಗೆದ್ದ ತಂಡ ಯಾವುದು ಗೊತ್ತೇ? ಸೆನೆಗಲ್. ಆ ರಕ್ಷಣೆಯ ನಡುವೆ ನಿಂತಿದ್ದವರು ಕಾಲಿದು ಕುಲಿಬಾಲಿ, ಅವರು ಈಗಲೂ ಸೆನೆಗಲ್‌ನ ನಾಯಕ.

ಲೆವಾಂಡೊವ್‌ಸ್ಕಿ ಅವರ ಮೊದಲ ವಿಶ್ವಕಪ್ ಗೋಲು ಬಂದದ್ದು 2022ರಲ್ಲಿ, ಸೌದಿ ಅರೇಬಿಯಾ ವಿರುದ್ಧ. ಅಷ್ಟರಲ್ಲಿ ಅವರಿಗೆ ಮೂವತ್ತನಾಲ್ಕು ವರ್ಷ. ಸ್ವೀಡನ್ನಿನ ಇಬ್ರಾಹಿಮೊವಿಚ್ ಎರಡು ವಿಶ್ವಕಪ್ ಆಡಿಯೂ ಒಂದು ಗೋಲು ಕಾಣಲಿಲ್ಲ. ಮಧ್ಯಮ ಬಲದ ತಂಡದ ದೊಡ್ಡ ಸ್ಟ್ರೈಕರ್‌ಗೆ ಅರ್ಹತಾ ಸುತ್ತು ಒಂದು ಲೋಕ, ವಿಶ್ವಕಪ್ ಇನ್ನೊಂದು ಲೋಕ. ಅರ್ಹತಾ ಸುತ್ತಿನಲ್ಲಿ ತಂಡಗಳು ಒಂದು ಪಂದ್ಯದಿಂದ ಇನ್ನೊಂದಕ್ಕೆ ತರಾತುರಿಯಲ್ಲಿ ಸೇರಿ ಆಡುತ್ತವೆ. ಇಲ್ಲಿ ಎದುರಾಳಿ ಕೋಚ್‌ಗೆ ಒಬ್ಬನೇ ಆಟಗಾರನನ್ನು ಹೇಗೆ ನಿಲ್ಲಿಸಬೇಕು ಎಂದು ಯೋಚಿಸಲು ತಿಂಗಳುಗಟ್ಟಲೆ ಸಮಯವಿದೆ.

ಕಾರ್ನರ್ ಕಿಕ್
ಉದಾಹರಣೆ ಚೆನ್ನಾಗಿದೆ, ಆದರೆ ಪೂರ್ತಿ ಲೆಕ್ಕ ಹಾಕಿ ಹೇಳಬೇಕಿತ್ತು. ಆ ಅರ್ಹತಾ ಸುತ್ತಿನಲ್ಲಿ ಪೋಲೆಂಡ್ ಒಟ್ಟು ಹೊಡೆದದ್ದು 28 ಗೋಲು, ಅಂದರೆ ಅರ್ಧಕ್ಕಿಂತ ಹೆಚ್ಚು ಪಾಲು ಒಬ್ಬರದೇ. ನಾರ್ವೆಯ 37ರಲ್ಲಿ ಹಾಲಂಡ್ ಪಾಲು ಅರ್ಧಕ್ಕಿಂತ ಕಡಿಮೆ. ಉಳಿದ 21 ಗೋಲು ಬೇರೆ ಕಡೆಯಿಂದ ಬಂದಿವೆ. ಓಸ್ಲೋದಲ್ಲಿ ಇಟಲಿ ವಿರುದ್ಧ ಮೊದಲ ಗೋಲು ಇನ್ನೊಬ್ಬ ಸ್ಟ್ರೈಕರ್ ಸೊರ್ಲೋತ್ ಅವರದು, ಎರಡನೆಯದು ನೂಸಾ ಅವರದು. ಕುಲಿಬಾಲಿ ಒಬ್ಬರನ್ನು ಹಿಡಿದು ನಿಂತರೆ ಇನ್ನಿಬ್ಬರನ್ನು ಯಾರು ಹಿಡಿಯುತ್ತಾರೆ?

ಆಫ್‌ಸೈಡ್ ಬಾವುಟ
ಲೆಕ್ಕವನ್ನೇ ಹಾಕುವುದಾದರೆ ಇದನ್ನೂ ಹಾಕಿ. ಹದಿನಾರರಲ್ಲಿ ಆರು ಗೋಲು ಮಾಲ್ಡೋವಾ ವಿರುದ್ಧ ಬಂದವು, ಅವುಗಳಲ್ಲಿ ಐದು 11–1 ಅಂತರದ ಒಂದೇ ಪಂದ್ಯದಲ್ಲಿ. ಮೂರು ಎಸ್ಟೋನಿಯಾ ವಿರುದ್ಧ, ನಾಲ್ಕು ಇಸ್ರೇಲ್ ವಿರುದ್ಧ. ಇಟಲಿ ಎದುರು ಬಂದದ್ದು ಮೂರೇ, ಅದೂ ಓಸ್ಲೋ ಸೋಲಿನ ಬೆನ್ನಿಗೇ ಕೋಚ್ ಸ್ಪಲೆಟ್ಟಿ ಅವರನ್ನು ಮನೆಗೆ ಕಳಿಸಿದ, ದಿಕ್ಕೆಟ್ಟ ಇಟಲಿ.

ದೊಡ್ಡ ಪಂದ್ಯಗಳ ಮಾತಿಗೆ ಬರೋಣ. 2023ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಸಿಟಿ ಪರ ಗೋಲು ಹೊಡೆದವರು ರೋಡ್ರಿ. ಅದೇ ವರ್ಷದ ಎಫ್‌ಎ ಕಪ್ ಫೈನಲ್‌ನಲ್ಲಿ ಸಿಟಿಯ ಎರಡೂ ಗೋಲು ಗುಂಡೊಗಾನ್ ಅವರವು. 2024 ಮತ್ತು 2025ರ ಎಫ್‌ಎ ಕಪ್ ಫೈನಲ್‌ಗಳಲ್ಲಿ ಸಿಟಿ ಸೋತಿತು, ಹಾಲಂಡ್ ಗೋಲು ಇಲ್ಲ. 2025ರಲ್ಲಂತೂ ಪೆನಾಲ್ಟಿ ಸಿಕ್ಕಾಗ ಚೆಂಡನ್ನು ಜೊತೆಗಾರ ಮಾರ್ಮೂಶ್ ಅವರ ಕೈಗೆ ಕೊಟ್ಟರು, ಅವರು ತಪ್ಪಿಸಿದರು. ದೊಡ್ಡ ಸ್ಟ್ರೈಕರ್ ಆದವರು ಅಂತಹ ಹೊತ್ತಿನಲ್ಲಿ ಚೆಂಡನ್ನು ಬೇರೆಯವರಿಗೆ ಕೊಡುತ್ತಾರೆಯೇ?

ಎಡಗಾಲಿನವನು
2021ರ ಜರ್ಮನ್ ಕಪ್ ಫೈನಲ್‌ನಲ್ಲಿ ಡಾರ್ಟ್‌ಮುಂಡ್ ಪರ ಲೈಪ್‌ಜಿಗ್ ವಿರುದ್ಧ ಎರಡು ಗೋಲು ಹೊಡೆದದ್ದನ್ನು ನೀವು ಬೇಕೆಂದೇ ಬಿಟ್ಟಿದ್ದೀರಿ.

ಪೆನಾಲ್ಟಿ ಬಗ್ಗೆಯೂ ಒಂದು ಮಾತು. ಅಕ್ಟೋಬರ್‌ನಲ್ಲಿ ಇಸ್ರೇಲ್ ವಿರುದ್ಧ ಪೆನಾಲ್ಟಿ ತಪ್ಪಿತು, ರೆಫರಿ ಮತ್ತೊಮ್ಮೆ ಹೊಡೆಸಿದರು, ಅದನ್ನೂ ಗೋಲ್‌ಕೀಪರ್ ತಡೆದರು. ಬೇರೆ ಯಾರೇ ಆಗಿದ್ದರೂ ಅಂದಿನ ಆಟ ಅಲ್ಲಿಗೇ ಮುಗಿಯುತ್ತಿತ್ತು. ಹಾಲಂಡ್ ಅದೇ ಪಂದ್ಯದಲ್ಲಿ ಹ್ಯಾಟ್ರಿಕ್ ಮಾಡಿ ನಾರ್ವೆ ಪರ ಐವತ್ತರ ಗಡಿ ದಾಟಿದರು, ಅದೂ ಐವತ್ತು ಪಂದ್ಯ ತುಂಬುವ ಮೊದಲೇ. ಎರಡು ಸಲ ತಪ್ಪಿದರೂ ಮೂರನೆಯದಕ್ಕೆ ಅದೇ ಜಾಗಕ್ಕೆ ಹೋಗಿ ನಿಲ್ಲುವ ಸ್ವಭಾವ ಸ್ಟ್ರೈಕರ್‌ಗೆ ಇರಬೇಕಾದ ಮೊದಲ ಗುಣ.

ಹಳೇ ಗೋಲ್‌ಕೀಪರ್
ಗೋಲ್ ಕಂಬಗಳ ನಡುವೆ ಬಹುಕಾಲ ನಿಂತವನಾಗಿ ಹೇಳುತ್ತೇನೆ. ನನಗೆ ಭಯ ಹುಟ್ಟಿಸುತ್ತಿದ್ದವರು ಜೋರಾಗಿ ಹೊಡೆಯುವವರಲ್ಲ, ಬೇಗ ಹೊಡೆಯುವವರು. ಕೀಪರ್ ಎರಡೂ ಪಾದ ನೆಲಕ್ಕೆ ಊರಿ ಸಿದ್ಧನಾಗುವ ಒಂದು ಗಳಿಗೆ ಇರುತ್ತದೆ. ಚೆಂಡನ್ನು ನಿಲ್ಲಿಸಿ, ನೋಡಿ ಹೊಡೆಯುವ ಆಟಗಾರ ಆ ಗಳಿಗೆಯನ್ನು ನಮಗೆ ದಾನವಾಗಿ ಕೊಡುತ್ತಾನೆ. ಹಾಲಂಡ್ ಕೊಡುವುದಿಲ್ಲ. ಎಡಗಾಲಿನಿಂದ, ಬಲಗಾಲಿನಿಂದ, ತಲೆಯಿಂದ, ಒಮ್ಮೊಮ್ಮೆ ಮೊಣಕಾಲಿನಿಂದ, ಬಂದ ಚೆಂಡನ್ನು ಬಂದ ಹಾಗೆಯೇ ತಿರುಗಿಸುತ್ತಾರೆ. ಅದರಲ್ಲಿ ಅಂದವಿಲ್ಲ ಎನ್ನುವವರಿಗೆ ನನ್ನ ಉತ್ತರ ಜರ್ಮನಿಯ ಗರ್ಡ್ ಮುಲ್ಲರ್. ಎರಡು ವಿಶ್ವಕಪ್‌ಗಳಲ್ಲಿ ಹದಿನಾಲ್ಕು ಗೋಲು ಹೊಡೆದ ಆ ಮನುಷ್ಯನ ಗೋಲುಗಳಲ್ಲಿ ಗೋಡೆಗೆ ಚಿತ್ರ ಮಾಡಿ ಹಾಕುವಂಥವು ಎಷ್ಟಿದ್ದವು?

ಇನ್ನೊಂದು ವಿಷಯ, ಇದು ಸ್ವಲ್ಪ ಪಕ್ಕಕ್ಕೆ ಸರಿದ ಮಾತು. ನಾರ್ವೆಗೆ ಅಮೆರಿಕದ ವಿಶ್ವಕಪ್ ಹೊಸದಲ್ಲ. 1994ರಲ್ಲಿ ಅವರ ಗುಂಪಿನ ನಾಲ್ಕೂ ತಂಡಗಳು ತಲಾ ನಾಲ್ಕು ಅಂಕ ಗಳಿಸಿದವು. ಮೂರು ಪಂದ್ಯಗಳಲ್ಲಿ ಒಂದೇ ಗೋಲು ಹೊಡೆದಿದ್ದ ನಾರ್ವೆ ಕೊನೆಯ ಸ್ಥಾನಕ್ಕೆ ಬಿದ್ದು ಹೊರಬಿತ್ತು. ಆ ತಂಡದಲ್ಲಿ ಹಾಲಂಡ್ ಅವರ ತಂದೆ ಆಲ್ಫ್ ಇಂಗೆ ಇದ್ದರು. ಇಟಲಿಯೊಡನೆ ಸೋತದ್ದು, ಐರ್ಲೆಂಡ್‌ನೊಡನೆ ಗೋಲಿಲ್ಲದೆ ಡ್ರಾ ಮಾಡಿಕೊಂಡದ್ದು, ಎರಡೂ ನ್ಯೂಜೆರ್ಸಿಯ ಜೈಂಟ್ಸ್ ಸ್ಟೇಡಿಯಂನಲ್ಲಿ. ಅದರ ಬದಲಿಗೆ ಪಕ್ಕದಲ್ಲೇ ಎದ್ದ ಮೈದಾನದಲ್ಲಿ ಈಗ ಮಗ ಸೆನೆಗಲ್ ಎದುರು ಆಡಲಿದ್ದಾರೆ.

ಮಧ್ಯವೃತ್ತ
ಆ ತಂಡಕ್ಕೆ ಬೇಕಿದ್ದದ್ದು ಇಂತಹ ಒಬ್ಬ ಸ್ಟ್ರೈಕರ್ ಎಂದು ಹೇಳಲು ಹೊರಟಿದ್ದೀರಿ ಎಂದುಕೊಳ್ಳುತ್ತೇನೆ. ಒಪ್ಪುತ್ತೇನೆ. ಆದರೆ ಆ ತಂಡಕ್ಕೆ ಇದ್ದ ರಕ್ಷಣೆ ಈ ತಂಡಕ್ಕೆ ಇಲ್ಲ. ಅದು ಮೂರು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದೂ ಒಂದೇ ಗೋಲು. ಈಗಿನವರು 2024ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾ ಎದುರು ಐದು ಗೋಲು ತಿಂದರು. ಹಾಲಂಡ್ ಮುಂದೆ ಎಷ್ಟೇ ಹೊಡೆದರೂ ಹಿಂದೆ ಸೋರಿದರೆ ಪ್ರಯೋಜನವಿಲ್ಲ.

ಬದಲಿ ಆಟಗಾರ
ಇಲ್ಲಿಯವರೆಗಿನ ಚರ್ಚೆಯಲ್ಲಿ ಸೊರ್ಲೋತ್ ಅವರ ಹೆಸರು ಒಂದೇ ಸಲ ಬಂದದ್ದು ನನಗೆ ಆಶ್ಚರ್ಯ ತಂದಿದೆ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಉತ್ತರ ಅವರೇ.

ಸಿಟಿಯಲ್ಲಿ ಹಾಲಂಡ್ ಒಬ್ಬರೇ ಎರಡು ಸೆಂಟರ್ ಬ್ಯಾಕ್‌ಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ನಾರ್ವೆಯಲ್ಲಿ ಕೋಚ್ ಸೋಲ್‌ಬಾಕನ್ ಅವರು ಅಷ್ಟೇ ಎತ್ತರದ ಇನ್ನೊಬ್ಬ ಸ್ಟ್ರೈಕರ್ ಅನ್ನು ಅವರೊಡನೆ ಆಡಿಸುತ್ತಾರೆ. ಕೆಲವೊಮ್ಮೆ ಪಕ್ಕಕ್ಕೆ ನಿಂತು, ಕೆಲವೊಮ್ಮೆ ಬಲಬದಿಯಿಂದ ಒಳಕ್ಕೆ ಬಂದು, ಸೊರ್ಲೋತ್ ಒಬ್ಬ ಡಿಫೆಂಡರ್ ಅನ್ನು ತಮ್ಮ ಮೈಮೇಲೆ ಎಳೆದುಕೊಳ್ಳುತ್ತಾರೆ. ಗೋಲ್‌ಕೀಪರ್ ನ್ಯೂಲನ್ ಗೋಲಿನಿಂದ ಉದ್ದ ಹೊಡೆದ ಚೆಂಡು ಸೊರ್ಲೋತ್ ಅವರ ತಲೆಗೆ ಬರುತ್ತದೆ, ಹಾಲಂಡ್ ಅಷ್ಟರಲ್ಲಿ ಓಡಲು ಶುರುಮಾಡಿರುತ್ತಾರೆ. ಇದು ತೊಂಬತ್ತರ ದಶಕದಲ್ಲಿ ಯೋಸ್ಟೈನ್ ಫ್ಲೋ ಅವರ ತಲೆಗೆ ಚೆಂಡು ಕಳಿಸುತ್ತಿದ್ದ ನಾರ್ವೆಯ ಹಳೆಯ ಪದ್ಧತಿಯ ಮುಂದುವರಿಕೆ. ವ್ಯತ್ಯಾಸವೆಂದರೆ ಆಗ ಬೀಳುವ ಚೆಂಡನ್ನು ಹಿಡಿಯಲು ಹಾಲಂಡ್ ಇರಲಿಲ್ಲ.

ಹೀಗಾಗಿ ಮೂಲ ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ ಇದು. ಚೆಂಡಿನ ಹಿಡಿತ ಕಡಿಮೆಯಾದಷ್ಟೂ ಹಾಲಂಡ್ ಅವರ ಮುಂದೆ ಖಾಲಿ ಜಾಗ ಹೆಚ್ಚುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಮೈದಾನದಲ್ಲಿ ಸಿಟಿಗೆ ಚೆಂಡು ಸಿಕ್ಕಿದ್ದೇ ಮೂರನೇ ಒಂದು ಭಾಗದಷ್ಟು ಹೊತ್ತು. ಆ ಪಂದ್ಯದಲ್ಲಿ ಹಾಲಂಡ್ ತಮ್ಮ ಅರ್ಧದಲ್ಲೇ ಚೆಂಡನ್ನು ಜೊತೆಗಾರ ರೈಂಡರ್ಸ್ ಅವರಿಗೆ ತಳ್ಳಿ, ಮೈದಾನದ ಉದ್ದಕ್ಕೂ ಓಡಿ, ವಾಪಸ್ ಪಡೆದು ಗೋಲು ಹೊಡೆದರು. ಚೆಂಡು ಕಡಿಮೆ ಮುಟ್ಟುವವರು ಎಂಬ ಆರೋಪಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕೇ?

ಬೂಟಿನ ಲೇಸು
ಪ್ರತಿದಾಳಿಯ ಮಾತು ಸರಿಯೇ, ಆದರೆ ಫ್ರಾನ್ಸ್ ಮೈಮರೆತು ಮುಂದೆ ಬರುತ್ತದೆ ಎಂದು ಯಾರು ಹೇಳಿದರು? ಕೋಚ್ ದೆಶಾಂ ಅವರ ತಂಡಕ್ಕೆ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುವುದು ನಾಚಿಕೆಯ ವಿಷಯವಲ್ಲ. 2018ರ ಫೈನಲ್‌ನಲ್ಲಿ ಕ್ರೊಯೇಷಿಯಾ ಹೆಚ್ಚು ಹೊತ್ತು ಚೆಂಡು ಹಿಡಿದಿತ್ತು, ಕಪ್ ಫ್ರಾನ್ಸ್ ಹಿಡಿಯಿತು. ಅವರು ಹಿಂದೆ ಸರಿದು ನಿಂತು, ಎಂಬಾಪೆ ಅವರನ್ನು ಮುಂದೆ ಬಿಟ್ಟು, ಈಗ ನೀವೇ ಆಡಿ ಎಂದು ನಾರ್ವೆಗೆ ಹೇಳಿದರೆ? ಆಗ ಖಾಲಿ ಜಾಗವೂ ಇಲ್ಲ, ಸಿಟಿಯ ಮಿಡ್‌ಫೀಲ್ಡೂ ಇಲ್ಲ.

ಕಾರ್ನರ್ ಕಿಕ್
ಇದು ಈ ಚರ್ಚೆಯ ಅತ್ಯಂತ ಗಟ್ಟಿ ಪ್ರಶ್ನೆ. ಮೇಲಾಗಿ ಫ್ರಾನ್ಸ್‌ನ ಸಲಿಬಾ ಆರ್ಸೆನಲ್‌ನಲ್ಲಿ ಓಡೆಗಾರ್ಡ್ ಅವರ ಜೊತೆಗಾರ. ಆ ಎಡಗಾಲು ಚೆಂಡನ್ನು ಯಾವಾಗ ಬಿಡುತ್ತದೆ ಎಂಬುದು ಅವರಿಗೆ ದಿನನಿತ್ಯದ ಅಭ್ಯಾಸದಿಂದ ಗೊತ್ತು, ಹಾಲಂಡ್ ಎದುರು ವರ್ಷಗಳಿಂದ ಆಡಿಯೂ ಗೊತ್ತು. ಆ ಪಂದ್ಯದಲ್ಲಿ ಪಾಸ್‌ಗಿಂತ ಬದಿಯಿಂದ ನೂಸಾ ಅವರ ಓಟ, ಕಾರ್ನರ್ ಮತ್ತು ಫ್ರೀ ಕಿಕ್‌ಗಳೇ ದಾರಿ. ಒಂದೇ ಬಾಕ್ಸ್‌ನಲ್ಲಿ ಹಾಲಂಡ್, ಸೊರ್ಲೋತ್, ಆಯೆರ್ ಮೂವರು ಎತ್ತರದವರು ನಿಂತರೆ ಫ್ರಾನ್ಸ್‌ಗೂ ಕಷ್ಟವೇ.

ಆಫ್‌ಸೈಡ್ ಬಾವುಟ
ಕಾರ್ನರ್ ಕಿಕ್ ಎಂದು ಹೆಸರಿಟ್ಟುಕೊಂಡವರು ಕಾರ್ನರ್‌ನಲ್ಲೇ ಪರಿಹಾರ ಹುಡುಕುವುದು ಸಹಜ.

ತೊಂಬತ್ತನೇ ನಿಮಿಷ
ನೀವೆಲ್ಲ ತಂಡ ಎಲ್ಲಿಯವರೆಗೆ ಹೋಗುತ್ತದೆ ಎಂದು ಕೇಳುತ್ತಿದ್ದೀರಿ. ನನಗೆ ಕುತೂಹಲವಿರುವುದು ಅತಿ ಹೆಚ್ಚು ಗೋಲು ಹೊಡೆದವರಿಗೆ ಸಿಗುವ ಗೋಲ್ಡನ್ ಬೂಟ್ ಬಗ್ಗೆ, ಮತ್ತು ಅವೆರಡೂ ಬೇರೆ ಬೇರೆ ಪ್ರಶ್ನೆಗಳು. 1994ರಲ್ಲಿ ರಷ್ಯಾದ ಸಲೆಂಕೊ ಕ್ಯಾಮರೂನ್ ವಿರುದ್ಧ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದು, ಒಟ್ಟು ಆರು ಗೋಲುಗಳೊಡನೆ ಬಲ್ಗೇರಿಯಾದ ಸ್ಟೊಯ್ಚ್‌ಕೊವ್ ಜೊತೆ ಬೂಟ್ ಹಂಚಿಕೊಂಡರು, ರಷ್ಯಾ ಗುಂಪು ಹಂತದಲ್ಲೇ ಹೊರಬಿದ್ದಿತ್ತು. 2018ರಲ್ಲಿ ಹ್ಯಾರಿ ಕೇನ್ ಅವರ ಆರು ಗೋಲುಗಳಲ್ಲಿ ಐದು ಟುನೀಸಿಯಾ ಮತ್ತು ಪನಾಮಾ ವಿರುದ್ಧ ಬಂದವು, ಮೂರು ಪೆನಾಲ್ಟಿಯಿಂದ. ಮಾಲ್ಡೋವಾ ವಿರುದ್ಧ ಐದು ಹೊಡೆದದ್ದನ್ನು ದೋಷವೆಂದು ತೋರಿಸುವವರು ಇದನ್ನು ಗಮನಿಸಬೇಕು. ಬಡ ತಂಡ ಸಿಕ್ಕ ದಿನ ಒಂದಕ್ಕೆ ನಿಲ್ಲದೆ ಐದರವರೆಗೂ ಹೋಗುವ ಹಸಿವು ಇದ್ದವರಿಗೇ ಆ ಬೂಟ್ ಸಿಗುವುದು. 2019ರ 20 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಹೊಂಡುರಾಸ್ ವಿರುದ್ಧ ಒಂದೇ ಪಂದ್ಯದಲ್ಲಿ ಒಂಬತ್ತು ಗೋಲು ಹೊಡೆದ ಹುಡುಗ ಇವರೇ ಅಲ್ಲವೇ?

ಜೊತೆಗೆ ಈ ಸಲ 48 ತಂಡಗಳಿವೆ. ಮೂರನೇ ಸ್ಥಾನ ಪಡೆದ ಎಂಟು ತಂಡಗಳಿಗೂ ಮುಂದಿನ ಸುತ್ತು ಸಿಗುತ್ತದೆ. ನಾರ್ವೆಗೆ ಕನಿಷ್ಠ ನಾಲ್ಕು ಪಂದ್ಯ ಖಚಿತವೆಂದೇ ನನ್ನ ಎಣಿಕೆ.

ಮಧ್ಯವೃತ್ತ
ಸಲೆಂಕೊ ಅವರಂತೆ ಆಗುವುದು ಹಾಲಂಡ್ ಅವರಿಗೆ ಬೇಕಾದ ಭವಿಷ್ಯ ಎಂದು ನನಗೆ ಅನ್ನಿಸುವುದಿಲ್ಲ. 2018ರಲ್ಲಿ ಒಂದೂ ಗೋಲು ಹೊಡೆಯದ ಫ್ರಾನ್ಸ್ ಸ್ಟ್ರೈಕರ್ ಜಿರೂ ಅವರ ಕೊರಳಲ್ಲಿ ವಿಶ್ವಕಪ್ ಪದಕವಿದೆ.

ತೊಂಬತ್ತನೇ ನಿಮಿಷ
ಜಿರೂ ಹಿಂದೆ ಎಂಬಾಪೆ ಮತ್ತು ಗ್ರೀಜ್‌ಮನ್ ಇದ್ದರು. ನಾರ್ವೆಯ ಸ್ಟ್ರೈಕರ್ ಗೋಲು ಹೊಡೆಯದೆ ತಂಡ ಪದಕ ಗೆಲ್ಲುವ ಕಥೆಯನ್ನು ನೀವೇ ನಂಬುವುದಿಲ್ಲ.

ಹಳೇ ಗೋಲ್‌ಕೀಪರ್
ದೇಹದ ಮಾತನ್ನು ಯಾರೂ ಎತ್ತಿಲ್ಲ. 2023ರ ಕೊನೆಯಲ್ಲಿ ಪಾದದ ಮೂಳೆಗೆ ಪೆಟ್ಟು, 2025ರ ವಸಂತದಲ್ಲಿ ಕಣಕಾಲಿಗೆ ಪೆಟ್ಟು, ಆ ಬೇಸಿಗೆಯಲ್ಲಿ ಕ್ಲಬ್ ವಿಶ್ವಕಪ್. ಸಿಟಿಯ ಪೂರ್ತಿ ಋತು ಆಡಿ, ಜೂನ್ ತಿಂಗಳ ಅಮೆರಿಕದ ಬಿಸಿಲಿಗೆ ಬಂದು ನಿಲ್ಲಬೇಕು. ಪ್ರತಿ ಅರ್ಧದಲ್ಲಿ ಮೂರು ನಿಮಿಷದ ನೀರಿನ ವಿರಾಮ ಕೊಡುತ್ತಾರಂತೆ. ಸದಾ ಓಡುವ ಆಟಗಾರನಿಗಿಂತ, ನಿಂತು ಕಾದು ಒಮ್ಮೆಲೇ ಚಿಮ್ಮುವ ಇವರಂತಹ ಆಟಗಾರನಿಗೆ ಬಿಸಿಲು ಕಡಿಮೆ ಕಾಟ ಕೊಡುತ್ತದೆ ಎಂಬುದು ನನ್ನ ಅನುಭವದ ಮಾತು.

ಬದಲಿ ಆಟಗಾರ
ಹಾಗಿದ್ದರೆ ಒಂದು ಲೆಕ್ಕಾಚಾರ ಇಡುತ್ತೇನೆ. ಮೊದಲ ಪಂದ್ಯ ಪ್ಲೇಆಫ್ ತಂಡದೊಡನೆ, ಎರಡನೆಯದು ಸೆನೆಗಲ್‌ನೊಡನೆ, ಫ್ರಾನ್ಸ್ ಕೊನೆಯಲ್ಲಿ. ಮೊದಲೆರಡರಲ್ಲಿ ಆರು ಅಂಕ ಬಂದರೆ ಫ್ರಾನ್ಸ್ ವಿರುದ್ಧ ಹಾಲಂಡ್ ಅವರನ್ನು ಬೆಂಚಿನಲ್ಲಿ ಕೂರಿಸಿ, ಇನ್ನೊಬ್ಬ ಸ್ಟ್ರೈಕರ್ ಸ್ಟ್ರಾಂಡ್ ಲಾರ್ಸನ್ ಅವರನ್ನು ಆಡಿಸಬೇಕು. ನಾಕೌಟ್‌ಗೆ ತಾಜಾ ಕಾಲುಗಳು ಬೇಕು.

ಮಧ್ಯವೃತ್ತ
ಗುಂಪಿನ ಮೊದಲ ಸ್ಥಾನಕ್ಕೆ ಆಡುವ ಪಂದ್ಯದಲ್ಲಿ ಪ್ರಮುಖ ಸ್ಟ್ರೈಕರ್‌ಗೆ ವಿಶ್ರಾಂತಿಯೇ? 1998ರಲ್ಲಿ ಆಗಲೇ ಮುಂದಿನ ಸುತ್ತು ತಲುಪಿದ್ದ ಬ್ರೆಜಿಲ್ ಮಾರ್ಸೇಯಲ್ಲಿ ಇದೇ ನಾರ್ವೆ ಎದುರು ಹಗುರಾಗಿ ಆಡಿ 2–1 ಅಂತರದಿಂದ ಸೋತದ್ದನ್ನು ಓಸ್ಲೋದಲ್ಲಿ ಯಾರೂ ಮರೆತಿರಲಾರರು.

ಬದಲಿ ಆಟಗಾರ
ಆ ಬ್ರೆಜಿಲ್ ಆಮೇಲೆ ಫೈನಲ್‌ವರೆಗೆ ಹೋಯಿತಲ್ಲ ಸ್ವಾಮಿ, ಗೆದ್ದ ನಾರ್ವೆ ಮುಂದಿನ ಪಂದ್ಯದಲ್ಲೇ ಇಟಲಿಗೆ ಸೋತು ಮನೆಗೆ ಹೋಯಿತು.

ಎಡಗಾಲಿನವನು
ಸೋಲ್‌ಬಾಕನ್ ಅವರು ಕೂರಿಸಲು ಮನಸ್ಸು ಮಾಡಿದರೂ ಹಾಲಂಡ್ ಅವರು ಕೂರಲು ಒಪ್ಪಬೇಕಲ್ಲ. ಎದುರುಗಡೆ ಎಂಬಾಪೆ ಇರುವ ಪಂದ್ಯವನ್ನು ಅವರು ಬಿಟ್ಟುಕೊಡುವುದಿಲ್ಲ.